ಒಂದನೇ ನಂಬರಿನ ಕಾಲು

ಸೋಮವಾರ ಬೆಳಿಗ್ಗೆ ಅಚ್ಚಕ್ಕ ಅಂಗಡಿಯ ಬಾಗಿಲು ತೆಗೆದು ಕಂಪ್ಯೂಟರಿನ ಗುಂಡಿ ಒತ್ತಿದಾಗ ಅದು ಎಂದಿನಂತೆ ಗುರುಗುಟ್ಟಿತು, ಆದರೆ ಎಚ್ಚರವಾಗಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು: ಡಿಸ್ಕ್ ಸಿಗುತ್ತಿಲ್ಲ. ಮೂರು ದಿನ ಜ್ವರದಲ್ಲಿ ಮಲಗಿ ಎದ್ದು ಬಂದಿದ್ದಳು. ತನ್ನ ಕಣ್ಣೇ ಮಂಜಾಗಿದೆಯೇನೋ ಅಂದುಕೊಂಡು ಆರಿಸಿ ಮತ್ತೆ ಹಾಕಿದಳು. ಅದೇ ಸಾಲು.

ಅಚ್ಚಕ್ಕ ಅನ್ನುವುದು ಗಿರಾಕಿಗಳು ಇಟ್ಟ ಹೆಸರು. ಕಾಲಿನ ಅಚ್ಚು ಕಡೆಯುವ ಅಕ್ಕ, ಅಷ್ಟೇ. ಸಾಮಾನ್ಯ ಅಂಗಡಿಗಳಲ್ಲಿ ಯಾರ ಕಾಲಿಗೆ ಬೂಟು ಸಿಗುವುದಿಲ್ಲವೋ ಅಂಥವರು ಇಲ್ಲಿಗೆ ಬರುತ್ತಿದ್ದರು. ಒಂದು ಕಾಲು ಗಿಡ್ಡ ಇದ್ದವರು, ಬೆರಳು ಕಳೆದುಕೊಂಡವರು, ಪಾದ ಒಳಕ್ಕೆ ತಿರುಗಿದವರು. ಅವರ ಪಾದಕ್ಕೆ ಸರಿಹೊಂದುವ ಮರದ ಅಚ್ಚನ್ನು ಅವಳು ಕಡೆಯುತ್ತಿದ್ದಳು. ಆ ಅಚ್ಚಿನ ಮೇಲೆ ಚರ್ಮ ಎಳೆದು ಬೂಟು ಹೊಲಿಯುವುದು ಅವಳ ಅಣ್ಣನ ಕೆಲಸ. ಇಬ್ಬರೂ ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಹಾಕಿ ಕೂತು, ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದರು. ಮಾತು ಕಡಿಮೆ. ಅವನ ದಾರ ಚರ್ಮದೊಳಗೆ ಹಾದುಹೋಗುವ ಸದ್ದು ನಿಂತರೆ ಕಾಫಿಗೆ ಹೊತ್ತಾಯಿತು ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಮೊದಲೆಲ್ಲ ಅಚ್ಚುಗಳು ಗೋಡೆಯುದ್ದಕ್ಕೂ ಕಪಾಟಿನಲ್ಲಿ ಜೋಡಿ ಜೋಡಿಯಾಗಿ ಕೂತಿರುತ್ತಿದ್ದವು. ಅಚ್ಚು ಅಂಗಡಿಯಲ್ಲಿದ್ದರೆ ಆ ಮನುಷ್ಯ ನಮ್ಮವನು ಎಂದು ಲೆಕ್ಕ. ಅದು ಅಂಗಡಿ ಬಿಟ್ಟು ಹೊರಗೆ ಹೋಗುವುದು ಎರಡೇ ಸಂದರ್ಭದಲ್ಲಿ. ಒಂದು, ಗಿರಾಕಿ ತೀರಿಕೊಂಡಾಗ ಮನೆಯವರ ಕೈಗೆ ಕೊಡುತ್ತಿದ್ದರು. ಇನ್ನೊಂದು, ಇನ್ನು ನಿನ್ನ ಕೆಲಸ ನಾವು ಮಾಡುವುದಿಲ್ಲ ಎಂದು ಹೇಳಬೇಕಾದಾಗ. ಈ ಎರಡನೆಯದು ಒಮ್ಮೆಯೂ ಆಗಿರಲಿಲ್ಲ.

ಹದಿನೇಳು ವರ್ಷದ ಹಿಂದೆ ಕಡೆಯುವ ಯಂತ್ರ ಬಂತು. ಅದರ ಜೊತೆಗೊಂದು ಕಂಪ್ಯೂಟರ್. ಪಾದದ ಅಳತೆಯನ್ನು ಒಮ್ಮೆ ಅದರಲ್ಲಿ ತುಂಬಿ, ಒಂದು ನಂಬರು ಕೊಟ್ಟು ಇಟ್ಟರೆ ಮುಗಿಯಿತು. ಬೇಕಾದಾಗ ನಂಬರು ಒತ್ತಿದರೆ ಯಂತ್ರ ಹೊಸ ಅಚ್ಚನ್ನು ಕಡೆದು ಕೊಡುತ್ತಿತ್ತು. ಬೂಟು ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳುವ ಅಗತ್ಯವೂ ಇರಲಿಲ್ಲ. ಹಳೆಯ ಅಚ್ಚುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅಣ್ಣನೇ ಹೇಳಿದ್ದ: 'ಸುಟ್ಟುಬಿಡೋಣ ಪುಟ್ಟಿ. ಎಲ್ಲಾ ಒಳಗೇ ಇದೆಯಲ್ಲ. ಮರ ಸುಮ್ನೆ ಜಾಗ ತಿನ್ನುತ್ತೆ.' ಅವಳು ಒಪ್ಪಿರಲಿಲ್ಲ. ಆಗ ಅವನು ಕಪಾಟಿನ ಮೊದಲ ಜೋಡಿಯನ್ನು, ತನ್ನದೇ ಅಚ್ಚನ್ನು, ಎತ್ತಿ ಒಲೆಗೆ ಹಾಕಿದ. 'ನೋಡು, ನಂದೇ ಮೊದ್ಲು. ಈಗ ನಂಬಿಕೆ ಬಂತಾ?'

ನಂಬಿಕೆ ಬಂದಿತ್ತು. ಆ ಚಳಿಗಾಲವಿಡೀ ಅವರ ಒಲೆಯಲ್ಲಿ ಜನರ ಪಾದಗಳು ಉರಿದವು. ಕಂಪ್ಯೂಟರಿನಲ್ಲಿ ಇರುವುದಕ್ಕೆ ಇನ್ನೊಂದು ಪ್ರತಿ ತೆಗೆದಿಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮರದ ಅಚ್ಚಿಗೆ ಯಾರಾದರೂ ಪ್ರತಿ ಮಾಡುತ್ತಾರೆಯೇ?

ಹೀಗಾಗಿ ಸೋಮವಾರ ಆ ಕಪ್ಪು ಪರದೆಯ ಮುಂದೆ ನಿಂತಾಗ, ನಾನೂರ ಹನ್ನೆರಡು ಜನರ ಕಾಲುಗಳು ಅವಳ ಕೈ ತಪ್ಪಿಹೋಗಿದ್ದವು.

ಅಣ್ಣ ಹನ್ನೊಂದಕ್ಕೆ ಬಂದ. ಅವನ ನಡಿಗೆ ಬೀದಿಯ ತಿರುವಿನಿಂದಲೇ ಕೇಳುತ್ತಿತ್ತು, ಒಂದು ಹೆಜ್ಜೆ ಭಾರ, ಒಂದು ಹಗುರ. ಎಂಟು ವರ್ಷದವನಿದ್ದಾಗ ಬಂದ ಕಾಯಿಲೆಯಲ್ಲಿ ಅವನ ಎಡಗಾಲು ಬೆಳೆಯುವುದನ್ನು ನಿಲ್ಲಿಸಿತ್ತು. ಅವನು ಪರದೆಯನ್ನು ನೋಡಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮರುದಿನ ವಾಪಸ್ ತಂದಿಟ್ಟ.

'ಡಿಸ್ಕ್ ಸುಟ್ಟುಹೋಗಿದೆಯಂತೆ. ಗೊತ್ತಿರೋರಿಗೇ ತೋರಿಸ್ದೆ.'

'ಏನೂ ಉಳಿದಿಲ್ವಂತಾ?'

'ಏನೂ ಇಲ್ಲ.'

ಅವನು ಸೂಜಿಗೆ ಮೇಣ ಹಚ್ಚಿದ ದಾರ ಪೋಣಿಸುತ್ತ, ಬೆನ್ನು ಹಾಕಿಕೊಂಡೇ ಹೇಳಿದ: 'ದೊಡ್ಡ ರಸ್ತೆಯ ಬೂಟಿನ ಅಂಗಡಿಯವರು ಕೆಲಸಕ್ಕೆ ಬನ್ನಿ ಅಂತ ಮತ್ತೆ ಕೇಳಿದ್ರು. ಅಲ್ಲಿ ಕಾಲಿಟ್ರೆ ಸಾಕು, ಬೆಳಕೇ ಅಳೆಯುತ್ತಂತೆ. ನಿಂಗೂ ಒಂದು ಕುರ್ಚಿ ಇದೆ ಅಂದ್ರು. ನಮಗಿನ್ನು ಈ ಕತ್ತಲೆ ಕೋಣೆ ಯಾಕೆ ಹೇಳು.'

'ಕಾಲುಗಳು ಜನರ ಹತ್ರಾನೇ ಇವೆಯಲ್ಲ,' ಅಂದಳು ಅವಳು. 'ಮತ್ತೆ ಕರೆಸಿ ಅಳೀತೀನಿ. ಯಂತ್ರ ಓಡಿದ್ರೆ ಸಾಕು.'

'ಯಂತ್ರ ಆ ಕಂಪ್ಯೂಟರಿನ ಹಳೇ ಸಿಸ್ಟಂ ಬಿಟ್ಟು ಬೇರೆ ಯಾವುದರ ಮಾತೂ ಕೇಳಲ್ಲ. ಅದನ್ನ ಹಾಕೋ ಸೀಡಿ ನನ್ನ ಮನೇಲಿತ್ತು. ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು. ಮಾಡಿದ ಕಂಪನಿಯವರೇ ಅದನ್ನ ಕೈಬಿಟ್ಟು ಎಷ್ಟು ವರ್ಷ ಆಯ್ತು. ಹಟ ಮಾಡ್ಬೇಡ ಪುಟ್ಟಿ.'

ಆ ಸಿಸ್ಟಂ ಹಾಕುವಾಗ ಕೇಳುವ ಕೀಲಿ ನಂಬರು ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಇತ್ತಲ್ಲ ಎಂದು ಅವಳಿಗೆ ನೆನಪಾಯಿತು. ಕಸ ಗುಡಿಸುವಾಗೆಲ್ಲ ಕಣ್ಣಿಗೆ ಬೀಳುತ್ತಿದ್ದ ಚೀಟಿ. ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಚೀಟಿ ಇರಲಿಲ್ಲ. ಧೂಳು ಹಿಡಿದ ತಗಡಿನ ಮಧ್ಯೆ ಅಂಗೈಯಷ್ಟು ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹಳೆಯದು, ಉದುರಿರಬೇಕು ಅಂದುಕೊಂಡಳು. ಅಷ್ಟು ಅಂದುಕೊಂಡು ಮುಂದಕ್ಕೆ ಯೋಚಿಸಲಿಲ್ಲ. ಮನಸ್ಸಿಗೂ ಕೆಲವು ಕಡೆ ಗುಡಿಸದೆ ಬಿಡುವ ಅಭ್ಯಾಸ ಇರುತ್ತದೆ.

ಎಂಬತ್ತೆಂಟನೇ ನಂಬರಿನ ಗಿರಾಕಿಯನ್ನು ಎಲ್ಲರೂ ಎಕ್ಸ್‌ರೇ ತಾತ ಅನ್ನುತ್ತಿದ್ದರು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತೈದು ವರ್ಷ ಊರವರ ಮೂಳೆಗಳನ್ನು ನೋಡಿದವರು. ತಮ್ಮ ಕಾಲು ಮುರಿದಾಗ ಮಾತ್ರ ತಾವೇ ಪಟ್ಟಿ ಕಟ್ಟಿಕೊಂಡು, ಮೂಳೆ ಸೊಟ್ಟಗೆ ಕೂಡಿಕೊಂಡು, ಅಚ್ಚಕ್ಕನ ಗಿರಾಕಿಯಾದವರು. ಆಸ್ಪತ್ರೆ ಬಿಸಾಡಿದ್ದನ್ನೆಲ್ಲ ಮನೆಗೆ ತಂದು ಪೇರಿಸುವುದು ಅವರ ಚಟ. ಬುಧವಾರ ಅವಳು ಅವರ ಮನೆಯ ಬಾಗಿಲು ತಟ್ಟಿದಳು.

'ಆ ಸಿಸ್ಟಮ್ಮಾ?' ತಾತ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. 'ಅದಕ್ಕೀಗ ಅಪ್ಪ ಇಲ್ಲ, ಅಮ್ಮ ಇಲ್ಲ. ಹೆತ್ತವರು ಕೈತೊಳೆದುಕೊಂಡು ಹನ್ನೊಂದು ವರ್ಷ ಆಯ್ತು. ನಿಂಗೇನು ಬಂತೇ ಅದರ ಮೇಲೆ ಪ್ರೀತಿ?'

ಅವಳು ವಿಷಯ ಹೇಳಿದಳು. ತಾತ ನಗು ನಿಲ್ಲಿಸಿದರು. ಮಂಚದ ಕೆಳಗಿನಿಂದ ಒಂದೊಂದಾಗಿ ಪೆಟ್ಟಿಗೆ ಎಳೆದರು. ಹಳೆಯ ಫಿಲ್ಮುಗಳು, ಸೀಸದ ಏಪ್ರನ್ನು, ವೈರುಗಳ ಸಿಕ್ಕು. ಕೊನೆಗೆ ಕಾಗದದ ಲಕೋಟೆಯಲ್ಲಿ ಒಂದು ಸೀಡಿ ಸಿಕ್ಕಿತು. ಲಕೋಟೆಯ ಮೇಲೆ ತಾತನ ಕೈಬರಹದಲ್ಲಿ ಇಪ್ಪತ್ತೈದು ಅಕ್ಷರದ ಕೀಲಿ.

'ನಮ್ಮ ಎಕ್ಸ್‌ರೇ ಯಂತ್ರಕ್ಕೂ ಇದೇ ಬೇಕಿತ್ತು. ಆಸ್ಪತ್ರೆಗೆ ಅಂತಲೇ ಕೊಟ್ಟ ಪ್ರತಿ, ಯಾರಿಗೂ ಫೋನ್ ಮಾಡಿ ಅಪ್ಪಣೆ ಕೇಳ್ಬೇಕಾಗಿಲ್ಲ. ಅದೇ ಕಾಲದ ಕಂಪ್ಯೂಟರೂ ಒಂದಿದೆ, ಬಟ್ಟೆ ಇಸ್ತ್ರಿ ಮಾಡೋಕೆ ಮೇಜಿನ ಹಾಗೆ ಉಪಯೋಗಿಸ್ತಿದೀನಿ. ನಾಳೆ ತರ್ತೀನಿ. ಆದ್ರೆ ಒಂದು ಮಾತು. ಇಂಟರ್ನೆಟ್ಟಿನ ವೈರು ಮಾತ್ರ ಚುಚ್ಚಬೇಡ. ಕಾಪಾಡೋರಿಲ್ಲದ ಜೀವ ಅದು, ಹೊರಗಿನ ಗಾಳಿ ತಗುಲಿದ್ರೆ ಮುಗೀತು.'

'ಅಣ್ಣನಿಗೆ ಹೇಳಿದ್ರೆ ಖುಷಿಪಡ್ತಾನೆ,' ಅಂದಳು ಅವಳು. ಆದರೆ ಹೇಳಲಿಲ್ಲ. ಓಡುವ ಯಂತ್ರವನ್ನೇ ತೋರಿಸಿ ಅವನನ್ನು ಬೆರಗುಗೊಳಿಸಬೇಕು ಎಂಬ ಆಸೆ. ಐವತ್ತು ವರ್ಷ ಮುಟ್ಟುತ್ತಿದ್ದರೂ ಅಣ್ಣನ ಮುಂದೆ ಅವಳಿಗೆ ಇಂಥ ಚಿಕ್ಕ ಆಸೆಗಳಿದ್ದವು.

ಗುರುವಾರ ಅಣ್ಣ ಚರ್ಮ ತರಲು ಪಕ್ಕದ ಊರಿಗೆ ಹೋಗುವ ದಿನ. ತಾತ ಒಂಬತ್ತಕ್ಕೆಲ್ಲ ಕಂಪ್ಯೂಟರ್ ಹೊರಿಸಿಕೊಂಡು ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತರು. 'ನಾನು ಬಾಯಿ, ನೀನು ಕೈ,' ಅಂದರು. ಅವಳು ಸೀಡಿ ಹಾಕಿದಳು. ನೀಲಿ ಪರದೆ ಬಂತು, ಅದರ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಹರಿದವು, ಆಮೇಲೆ ಒಳಗಿನ ಡಿಸ್ಕೇ ಕಾಣುತ್ತಿಲ್ಲ ಎಂದು ನಿಂತುಬಿಟ್ಟಿತು.

'ಒಳಗೆ ಹಾಕಿರೋ ಡಿಸ್ಕು ಇತ್ತೀಚಿನದು, ಇದಕ್ಕೆ ಪರಿಚಯ ಇಲ್ಲ,' ಅಂದರು ತಾತ. 'ಶುರುವಾಗುವಾಗ ಬರೋ ಸೆಟ್ಟಿಂಗಿಗೆ ಹೋಗು. ಅಲ್ಲಿ ಡಿಸ್ಕಿಗೆ ಹಳೇ ರೀತಿ ನಡ್ಕೋ ಅಂತ ಹೇಳೋ ಸಾಲಿದೆ. ಹಾಂ, ಅದೇ. ಮುದುಕನ ಹತ್ರ ಮುದುಕನ ಹಾಗೇ ಮಾತಾಡ್ಬೇಕು.'

ಈ ಸಲ ನಿಲ್ಲಲಿಲ್ಲ. ಇನ್ನು ಮೂವತ್ತೊಂಬತ್ತು ನಿಮಿಷ ಎಂದು ತೋರಿಸಿ, ಅದೇ ಮೂವತ್ತೊಂಬತ್ತರಲ್ಲಿ ಅರ್ಧ ಗಂಟೆ ಕೂತಿತು. ತಾತ ತೂಕಡಿಸಿದರು. ಅವಳು ಪರದೆಯನ್ನೇ ನೋಡುತ್ತಿದ್ದಳು. ಕೀಲಿ ಕೇಳಿದಾಗ ಇಪ್ಪತ್ತೈದು ಅಕ್ಷರವನ್ನೂ ಒಂದೊಂದಾಗಿ, ಮರಕ್ಕೆ ಉಳಿ ಇಡುವಷ್ಟು ನಿಧಾನವಾಗಿ ಒತ್ತಿದಳು. ಒಡೆಯನ ಹೆಸರು ಕೇಳಿತು. ಅಭ್ಯಾಸದಂತೆ 'ಅಣ್ಣ ತಂಗಿ' ಎಂದು ಬರೆದಳು. ಅಂಗಡಿಯ ಹಲಗೆಯ ಮೇಲೂ ಅದೇ ಇತ್ತು. ಹನ್ನೆರಡೂವರೆಗೆ ಹಳೆಯ ಪರಿಚಯದ ಹಸಿರು ಗುಡ್ಡ, ನೀಲಿ ಆಕಾಶ ಪರದೆಯ ಮೇಲೆ ಬಂದವು. ಯಂತ್ರದ ಜೊತೆ ಬಂದಿದ್ದ ಪ್ರೋಗ್ರಾಂ ಅವಳ ಡ್ರಾಯರಿನಲ್ಲೇ ಇತ್ತು. ಅದನ್ನೂ ಹಾಕಿದಳು.

'ಇನ್ನು ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಇರೋ ಕಾರ್ಡು,' ಅಂದರು ತಾತ. 'ಅದು ಹಳೇ ಪೆಟ್ಟಿಗೇಲಿರುತ್ತೆ. ಬಿಚ್ಚಿ ತಗೋ.'

ಹದಿನೇಳು ವರ್ಷದಲ್ಲಿ ಅವಳು ಆ ಪೆಟ್ಟಿಗೆಯನ್ನು ಬಿಚ್ಚಿರಲಿಲ್ಲ. ಅದು ಅಣ್ಣನ ಕೆಲಸ ಎಂದಾಗಿತ್ತು. ನಾಲ್ಕು ಸ್ಕ್ರೂ ತೆಗೆದು ತಗಡನ್ನು ಸರಿಸಿದಳು.

ಡಿಸ್ಕಿಗೆ ಕರೆಂಟು ಕೊಡುವ ವೈರು ಡಿಸ್ಕಿನಲ್ಲಿ ಇರಲಿಲ್ಲ. ಯಾರೋ ಕಿತ್ತಿದ್ದರು. ಕಿತ್ತು ಜೋತಾಡಲು ಬಿಟ್ಟಿರಲಿಲ್ಲ. ಅಚ್ಚುಕಟ್ಟಾಗಿ ಎರಡು ಮಡಿಕೆ ಮಾಡಿ, ಪಕ್ಕದ ಕಂಬಿಗೆ ಕಟ್ಟಿದ್ದರು. ಮೇಣ ಹಚ್ಚಿದ ಹಳದಿ ದಾರ. ಎರಡು ಸುತ್ತು, ಒಂದು ಒಳಕುಣಿಕೆ, ತುದಿಯನ್ನು ಗಂಟಿನ ಹೊಟ್ಟೆಯೊಳಗೇ ಅಡಗಿಸಿದ್ದು.

ಆ ಗಂಟನ್ನು ಅವಳು ಇಪ್ಪತ್ತಾರು ವರ್ಷ ಪ್ರತಿ ಬೂಟಿನ ಹಿಮ್ಮಡಿಯಲ್ಲಿ ನೋಡಿದ್ದಳು. ಅಣ್ಣನಿಗೆ ತುದಿ ಬಿಟ್ಟ ದಾರ ಕಂಡರೆ ಆಗುತ್ತಿರಲಿಲ್ಲ. ಬೇರೆಯವರ ಅಂಗಿಯ ಗುಂಡಿಯಿಂದ ಎಳೆ ಹೊರಬಂದಿದ್ದರೂ ಕೈ ಹಾಕಿ ಸರಿಮಾಡುವ ಮನುಷ್ಯ. ಮೋಸ ಮಾಡುವಾಗಲೂ ಎಳೆ ಜೋತಾಡಲು ಬಿಟ್ಟಿರಲಿಲ್ಲ.

'ಯಾರೋ ಕೈಕೆಲಸ ಬಲ್ಲವರು ಕಟ್ಟಿದಾರೆ,' ಅಂದರು ತಾತ, ಬಗ್ಗಿ ನೋಡಿ. ಅವರಿಗೆ ಗೊತ್ತಾಗಲಿಲ್ಲ.

ರಿಪೇರಿಯವನ ಹತ್ತಿರ ಹೋಗಿ ಬಂದ ಮೇಲೆ ಕಟ್ಟಿರಬಹುದು ಎಂದು ಅವಳು ಅಂದುಕೊಳ್ಳಲು ನೋಡಿದಳು. ಸುಟ್ಟ ಡಿಸ್ಕಿಗೆ ವೈರು ಯಾಕೆ ಎಂದು ಕಟ್ಟಿರಬಹುದು. ಹಾಗೆ ಅಂದುಕೊಳ್ಳುತ್ತಲೇ ಗಂಟು ಬಿಚ್ಚಿದಳು. ಅದನ್ನು ಕತ್ತರಿಸದೆ ಬಿಚ್ಚಲು ಬರುವುದು ಇಬ್ಬರಿಗೇ. ಕಾರ್ಡನ್ನೂ ಡಿಸ್ಕನ್ನೂ ಹೊರಗೆ ತೆಗೆದು ಹೊಸ ಪೆಟ್ಟಿಗೆಗೆ ಹಾಕಿದಳು. ಗುಂಡಿ ಒತ್ತಿದಾಗ ಹಳೆಯ ಡಿಸ್ಕು ಸಣ್ಣಗೆ ಸಿಳ್ಳೆ ಹಾಕಿ ತಿರುಗಿತು.

'ಇದಕ್ಕೇನಾಗಿದೆ ಧಾಡಿ? ನನಗಿಂತ ಗಟ್ಟಿಯಾಗಿದೆ,' ಅಂದರು ತಾತ.

ಕಾಲುಗಳೆಲ್ಲ ಅಲ್ಲೇ ಇದ್ದವು. ಒಂದರಿಂದ ನಾನೂರ ಹನ್ನೆರಡರವರೆಗೆ, ಒಂದೂ ಕದಲದೆ. ನೋಡಹೋದರೆ ಬೆಳಗಿನಿಂದ ಮಾಡಿದ ಯಾವ ಕೆಲಸವೂ ಬೇಕಾಗಿರಲಿಲ್ಲ. ಆ ಅನಾಥ ಸಿಸ್ಟಂ, ಇಪ್ಪತ್ತೈದು ಅಕ್ಷರ, ನೀಲಿ ಪರದೆ, ಯಾವುದೂ. ಸೋಮವಾರವೇ ಪೆಟ್ಟಿಗೆ ಬಿಚ್ಚಿ ಒಂದು ವೈರು ಚುಚ್ಚಿದ್ದರೆ ಮುಗಿಯುತ್ತಿತ್ತು. ಅಣ್ಣನ ಮಾತನ್ನು ನಂಬದವಳು ಯಾರಾದರೂ ಹಾಗೇ ಮಾಡುತ್ತಿದ್ದಳು.

ಅವಳ ಕೈ ತಾನಾಗಿಯೇ ಪ್ರೋಗ್ರಾಮಿನ ಒಂದು ಮೂಲೆಗೆ ಹೋಯಿತು. 'ಹೊರಗೆ ಕೊಟ್ಟದ್ದು' ಎಂಬ ಒಂದು ಪುಟ ಅಲ್ಲಿತ್ತು. ಯಾವುದಾದರೂ ಅಳತೆಯನ್ನು ಬೇರೆ ಕಡೆಗೆ ನಕಲು ಮಾಡಿದರೆ ಪ್ರೋಗ್ರಾಮು ತಾನೇ ಅಲ್ಲಿ ಬರೆದುಕೊಳ್ಳುತ್ತಿತ್ತು. ಅವರು ಯಾರಿಗೂ ಏನನ್ನೂ ಕೊಟ್ಟವರಲ್ಲವಾದ್ದರಿಂದ ಆ ಪುಟ ಹದಿನೇಳು ವರ್ಷ ಖಾಲಿ ಇತ್ತು. ಈಗ ಅದರಲ್ಲಿ ಒಂದು ಸಾಲಿತ್ತು. ಕಳೆದ ಭಾನುವಾರ, ಬೆಳಿಗ್ಗೆ ಹತ್ತು ನಲವತ್ತು. ಎರಡರಿಂದ ನಾನೂರ ಹನ್ನೆರಡು.

ಭಾನುವಾರ ಬೆಳಿಗ್ಗೆ ಅಣ್ಣ ಅವಳ ಮನೆಗೆ ಮಾತ್ರೆ ತಂದಿದ್ದ. ಹಣೆ ಮುಟ್ಟಿ ನೋಡಿ, 'ನೀನು ಮಲ್ಕೋ ಪುಟ್ಟಿ, ಅಂಗಡಿ ಕಸ ನಾನು ಗುಡಿಸ್ತೀನಿ' ಅಂದಿದ್ದ. ಬೀಗದ ಕೈ ಅವಳ ದಿಂಬಿನ ಕೆಳಗಿತ್ತು. ಅವಳೇ ತೆಗೆದು ಕೊಟ್ಟಿದ್ದಳು.

'ಒಂದನೇದು ಕೊಟ್ಟಿಲ್ಲ,' ಅಂದರು ತಾತ, ಕನ್ನಡಕ ಸರಿಮಾಡಿಕೊಂಡು. 'ಒಂದನೇದು ಯಾರದ್ದು?'

'ನಮ್ಮಣ್ಣಂದು.'

ತಾತ ತಮ್ಮ ಬೂಟುಗಳನ್ನು ನೋಡಿಕೊಂಡರು. ಎಂಬತ್ತೆಂಟನೇ ನಂಬರು. ಆಮೇಲೆ ಊರುಗೋಲು ಎತ್ತಿಕೊಂಡು, 'ಇಂಟರ್ನೆಟ್ಟಿನ ವೈರು ಮಾತ್ರ ಚುಚ್ಚಬೇಡಮ್ಮಾ' ಎಂದು ಹಿಂದಿನ ದಿನದ ಮಾತನ್ನೇ ಇನ್ನೊಮ್ಮೆ ಹೇಳಿ ಹೊರಟರು.

ಶುಕ್ರವಾರ ಅವನ ಹೆಜ್ಜೆ ತಿರುವಿನಲ್ಲಿ ಕೇಳಿ, ಅಲ್ಲೇ ನಿಂತಿತು. ಯಂತ್ರದ ಸದ್ದು ಅವನ ಕಿವಿಗೆ ಬಿದ್ದಿರಬೇಕು. ತುಂಬಾ ಹೊತ್ತಿನ ಮೇಲೆ ಭಾರ, ಹಗುರ, ಭಾರ, ಹಗುರ. ಬಾಗಿಲಲ್ಲಿ ನಿಂತು ಅವನು ಹೊಸ ಕಂಪ್ಯೂಟರ್ ನೋಡಿದ, ಬಿಚ್ಚಿಟ್ಟ ಪೆಟ್ಟಿಗೆ ನೋಡಿದ. ಮೇಜಿನ ಮೇಲೆ ಗೇಣುದ್ದದ ಹಳದಿ ದಾರ ಇತ್ತು. ಅದನ್ನು ನೋಡಿ ತನ್ನ ಜಾಗದಲ್ಲಿ ಕೂತ. ಈ ಸಲ ಬೆನ್ನು ಹಾಕಿ ಕೂರಲಿಲ್ಲ.

'ಚೀಟೀನೂ ನೀನೇ ಕಿತ್ತಿದ್ದಾ?'

'ಹೂಂ.'

'ಡಿಸ್ಕು ಬಿಸಾಕ್ಬಹುದಿತ್ತಲ್ಲ. ನಂಗೆ ಗೊತ್ತೇ ಆಗ್ತಿರ್ಲಿಲ್ಲ.'

ಅವನು ಉಗುರಿನಲ್ಲಿ ಅಂಟಿದ ಮೇಣ ಕೆರೆದ. 'ನಂದು ಅದರಲ್ಲಿತ್ತಲ್ಲ.'

'ನಿಂದ್ಯಾಕೆ ಅವರಿಗೆ ಕೊಡ್ಲಿಲ್ಲ?'

'ಅಲ್ಲಿ ಎಲ್ಲಾ ದೊಡ್ಡ ಪರದೆ ಮೇಲೆ ತೋರಿಸ್ತಾರೆ ಪುಟ್ಟಿ. ಬಂದ ಹುಡುಗೀರೆಲ್ಲ ನೋಡ್ತಿರ್ತಾರೆ. ಹಾಗೆ ತಿರುಗಿಸಿ, ಹೀಗೆ ತಿರುಗಿಸಿ. ನನ್ನ ಕಾಲು ಅಲ್ಲಿ...'

'ಉಳಿದ ನಾನೂರ ಹನ್ನೊಂದು ಜನಕ್ಕೂ ಹಾಗೇ ಅನ್ನಿಸ್ತಿತ್ತು ಅಣ್ಣ.'

ಯಂತ್ರ ಕಡೆಯುತ್ತಲೇ ಇತ್ತು. ಮರದ ಹೊಟ್ಟು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು.

'ನಿಂಗೋಸ್ಕರಾನೂ ಮಾಡ್ದೆ,' ಅಂದ ಅವನು. 'ಅವರು ಕಾಲುಗಳನ್ನ ತಂದ್ರೆ ಮಾತ್ರ ಇಬ್ರನ್ನೂ ತಗೋತೀವಿ ಅಂದ್ರು. ನಿನ್ನ ಕೇಳಿದ್ರೆ ನೀನು ಬೇಡ ಅಂತಿದ್ದೆ.'

'ಅಂತಿದ್ದೆ.'

'ನನ್ನ ಬೆರಳು ನೋಡಿದೀಯಾ? ಸೂಜಿ ನಿಲ್ಲಲ್ಲ ಈಗ. ಆರು ತಿಂಗಳಿಂದ ಸರಿಯಾಗಿ ನಿಂತಿಲ್ಲ.'

ಅವಳು ನೋಡಿರಲಿಲ್ಲ. ಬೆನ್ನು ಹಾಕಿ ಕೂತವರಿಗೆ ಸದ್ದು ಮಾತ್ರ ಕೇಳುತ್ತದೆ. ಆ ಸದ್ದು ನಿಧಾನವಾಗಿದ್ದನ್ನು ಅವಳು ಗಮನಿಸಿದ್ದಳು, ವಯಸ್ಸು ಅಂದುಕೊಂಡಿದ್ದಳು. ಹೇಳಿದ್ದರೆ ಅವನ ಹೊಲಿಗೆಯನ್ನೂ ತಾನೇ ಕಲಿಯುತ್ತಿದ್ದಳು. ಮೊದಲ ಅಚ್ಚು ಕಡೆಯಲು ಕಲಿತದ್ದೇ ಅವನಿಗಾಗಿ. ಓಣಿಯ ಮಕ್ಕಳು ಅವನ ನಡಿಗೆಯನ್ನು ಅಣಕಿಸುತ್ತಿದ್ದುದನ್ನು ನೋಡುತ್ತಲೇ ಬೆಳೆದವಳು, ಇಪ್ಪತ್ತು ತುಂಬಿದ ವರ್ಷ ಮುರಿದ ಮಂಚದ ಕಾಲನ್ನು ಅಡಿಗೆ ಚಾಕುವಿನಲ್ಲಿ ಕೆತ್ತಿ ಅವನ ಪಾದ ಮಾಡಿದ್ದಳು. ಈ ಅಂಗಡಿ ಶುರುವಾದದ್ದು ಅಲ್ಲಿಂದ.

'ಹೇಳ್ಬಹುದಿತ್ತು,' ಅಂದಳು.

'ಹೇಳ್ಬಹುದಿತ್ತು,' ಅಂದ ಅವನೂ.

ಯಂತ್ರ ನಿಂತಿತು. ಅವಳು ಎರಡು ಅಚ್ಚುಗಳನ್ನೂ ಹೊರಗೆ ತೆಗೆದಳು. ಬಲಗಾಲಿನದು ನೇರ, ಎಡಗಾಲಿನದು ಚಿಕ್ಕದು, ಒಳಕ್ಕೆ ಬಾಗಿದ್ದು. ಸೆರಗಿನಲ್ಲಿ ಹೊಟ್ಟು ಒರೆಸಿ, ಎರಡನ್ನೂ ಜೋಡಿಸಿ, ಅದೇ ಹಳದಿ ದಾರದಲ್ಲಿ ಕಟ್ಟಿ, ಅವನ ಮುಂದೆ ಹಿಡಿದಳು.

ಅವನು ಕೈ ಚಾಚಲಿಲ್ಲ. ಅಚ್ಚನ್ನು ಕೊಡುವುದು ಎಂದರೆ ಏನೆಂದು ಅವನಿಗೆ ವಿವರಿಸಬೇಕಾಗಿರಲಿಲ್ಲ.

'ಹಿಮ್ಮಡಿ ಹತ್ರ ಇನ್ನೂ ಸ್ವಲ್ಪ ಉಜ್ಜಬೇಕು,' ಅಂದ, ಕೆಲಸದ ದನಿಯಲ್ಲಿ.

'ಅಲ್ಲಿ ಉಜ್ಜುತ್ತಾರೆ.'

ಆಗ ಅವನು ತೆಗೆದುಕೊಂಡ. ಎದ್ದು, ತನ್ನ ಸೂಜಿಗಳ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಅಲ್ಲೇ ಬಿಟ್ಟ. ಬಾಗಿಲಲ್ಲಿ ಅವಳ ರವಿಕೆಯ ತೋಳಿನಿಂದ ಒಂದು ಎಳೆ ಜೋತಾಡುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಕೈ ಅರ್ಧ ಎತ್ತಿ ಇಳಿಸಿದ. ಹೊರಟುಹೋದ.

ಅವಳು ಹೆಜ್ಜೆಗಳನ್ನು ಕೇಳಿಸಿಕೊಳ್ಳಬಾರದು ಎಂದು ಫೋನ್ ಎತ್ತಿಕೊಂಡಳು. ಎರಡನೇ ನಂಬರಿನಿಂದ ಶುರುಮಾಡಿದಳು. ಟೈಪಿಂಗ್ ಕಲಿಸುತ್ತಿದ್ದ ಹಳೆಯ ಟೀಚರ್, ಬಲಗಾಲಿಗೆ ಮೂರೇ ಬೆರಳು. ಯಾರಿಗೂ ತೋರಿಸದ ಕಾಲನ್ನು ಈ ಅಂಗಡಿಯ ಬಾಗಿಲ ಪರದೆ ಎಳೆದ ಮೇಲೆ ಮಾತ್ರ ಬಿಚ್ಚುತ್ತಿದ್ದವರು.

'ನಿಮಗೊಂದು ವಿಷಯ ಹೇಳ್ಬೇಕು ಟೀಚರ್. ನಿಮ್ಮ ಕಾಲಿನ ಅಳತೆ ನಮ್ಮ ಅಂಗಡಿಯಿಂದ ಹೊರಗೆ ಹೋಗಿದೆ. ಬೇರೆಯವರ ಕೈ ಸೇರಿದೆ. ನಿಮ್ಮನ್ನ ಕೇಳಿರಲಿಲ್ಲ. ತಪ್ಪಾಯ್ತು.'

ಆ ಕಡೆಯಿಂದ ಟೀಚರ್ ದನಿ, ಗಾಬರಿಗಿಂತ ಅನುಕಂಪವೇ ಹೆಚ್ಚಾಗಿ:

'ಅಯ್ಯೋ, ನಿಮಗೇ ಯಾರೋ ಏನೋ ತಪ್ಪು ಹೇಳಿರಬೇಕಮ್ಮ. ಹಾಗೆಲ್ಲ ಹೋಗೋಕೆ ನಿಮ್ಮಣ್ಣ ಬಿಡ್ತಾರಾ? ಅವರು ಅಲ್ಲೇ ಇದಾರಾ? ಒಂದ್ಸಲ ಅವರನ್ನ ಕೇಳಿ ನೋಡಿ.'

ಅಚ್ಚಕ್ಕ ಅಣ್ಣನ ಖಾಲಿ ಸ್ಟೂಲಿನ ಕಡೆ ತಿರುಗಿ ನೋಡಿದಳು.

'ಇಲ್ಲ ಟೀಚರ್,' ಅಂದಳು. 'ಇಲ್ಲಿ ಈಗ ನಾನೊಬ್ಬಳೇ.'